ಸಿಹಿನೀರಿಗೆ ಮಾತ್ರ

ಸುತ್ತಿಗೆಯ ಮೂರನೇ ಏಟಿಗೆ ಚೌಕಟ್ಟಿನ ಪೈಪಿನ ಬಾಯಿಂದ ಮರಳು ಸುರಿಯಿತು.

ಟ್ರೇಲರಿನ ಕೆಳಗೆ ಗೋಣಿತಾಟು ಹಾಸಿಕೊಂಡು ಅಂಗಾತ ಮಲಗಿದ್ದ ಸಿದ್ಧಾರ್ಥ ಮುಖ ಪಕ್ಕಕ್ಕೆ ತಿರುಗಿಸಿದ. ಮರಳು ಅಂಗಿಯ ತೋಳಿನ ಮೇಲೆ ಬಿತ್ತು. ಒಂದು ಚಿಟಿಕೆ ತೆಗೆದು ಬೆಳಕಿಗೆ ಹಿಡಿದ. ನುಣ್ಣನೆಯ ಬಿಳಿ ಮರಳು. ನಡುನಡುವೆ ಚಿಪ್ಪಿನ ಚೂರುಗಳು, ಕತ್ತರಿಸಿ ಬಿಸಾಡಿದ ಉಗುರಿನ ಹಾಗೆ.

"ಏನ್ ಸಿಕ್ತು ಸಾರ್?" ಹೆಡ್ ಕಾನ್‌ಸ್ಟೇಬಲ್ ಹುಚ್ಚಣ್ಣ ಸೊಂಟ ಬಗ್ಗಿಸಿ ಇಣುಕಿದ.

"ಮರಳು."

"ಇಷ್ಟೇನಾ! ನೀರಿಗೆ ಇಳಿಯೋ ಗಾಡಿ, ಮರಳಿಲ್ದೆ ಇನ್ನೇನಿರ್ತದೆ?"

"ಯಗಚಿ ಹಿನ್ನೀರಲ್ಲಿ ನೀವು ಯಾವತ್ತಾದ್ರೂ ಕಾಲಿಟ್ಟಿದ್ದೀರಾ ಹುಚ್ಚಣ್ಣ? ಅಲ್ಲಿ ಮುಳುಗಿರೋದೆಲ್ಲ ಹೊಲ, ಗದ್ದೆ. ಮೊಣಕಾಲುದ್ದ ಕೆಸರು. ಇಂಥ ಮರಳು ಎಲ್ಲಿಂದ ಬಂತು?"

ಹುಚ್ಚಣ್ಣ ಗಡಿಯಾರ ನೋಡಿಕೊಂಡ. ಅವನ ಊಟದ ಹೊತ್ತು ಮೀರುತ್ತಿತ್ತು.

ಆರು ದಿನದ ಹಿಂದೆ, ಹಳೇಬೀಡು ದಾಟಿ ಬೇಲೂರು ರಸ್ತೆಯಲ್ಲಿ ಒಂದು ಮೈಲಿ ಬರುವಷ್ಟರಲ್ಲಿ ಈ ದೋಣಿ ಸಾಗಿಸುವ ಟ್ರೇಲರಿನ ಎಡಗಾಲಿ ಕಳಚಿಕೊಂಡು, ಎಳೆಯುತ್ತಿದ್ದ ಜೀಪನ್ನೇ ಹಿಂದೆ ಹಾಕಿ ಉರುಳಿ, ಮುಂದೆ ಮೊಪೆಡ್‌ನಲ್ಲಿ ಹೋಗುತ್ತಿದ್ದ ಜವರಯ್ಯ ಎಂಬ ರೈತನ ಪ್ರಾಣ ತೆಗೆದಿತ್ತು. ಅದೇ ಬೆಳಿಗ್ಗೆ ಆ ಗಾಲಿಗೆ ಗ್ರೀಸ್ ಹಾಕಿಕೊಟ್ಟಿದ್ದ ಹಳೇಬೀಡಿನ ಮೆಕ್ಯಾನಿಕ್ ಕೃಷ್ಣಪ್ಪ ಈಗ ಕಂಬಿಯ ಹಿಂದೆ ಇದ್ದ.

ಸಿದ್ಧಾರ್ಥ ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕ. ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್. ಅಪಘಾತವಾದ ಗಾಡಿಯನ್ನು ನೋಡಿ, ಕೆಟ್ಟಿದ್ದು ಗಾಡಿಯೋ ಓಡಿಸಿದವನ ತಲೆಯೋ ಎಂದು ಬರೆದುಕೊಡುವುದು ಅವನ ಕೆಲಸ. ವರದಿ ನಾಡಿದ್ದು ಹನ್ನೊಂದು ಗಂಟೆಗೆ ಕೋರ್ಟಿನಲ್ಲಿ ಇರಬೇಕಿತ್ತು.

ಟ್ರೇಲರಿನ ಮಾಲೀಕ ಶರತ್. ಬೇಲೂರಿನ ಆಚೆ ಯಗಚಿ ಹಿನ್ನೀರಿನ ದಡದಲ್ಲಿ ಪ್ರವಾಸಿಗಳಿಗೆ ದೋಣಿ ವಿಹಾರ ನಡೆಸುವವನು. ಆ ದಿನ ಜೀಪು ಓಡಿಸುತ್ತಿದ್ದವನೂ ಅವನೇ. ಅವನ ಹೇಳಿಕೆ ನೇರವಾಗಿತ್ತು. ಗಾಡಿ ತಂದು ನಾಲ್ಕು ತಿಂಗಳಾಗಿದೆ. ಯಗಚಿಯ ನೀರು ಬಿಟ್ಟರೆ ಬೇರೆ ನೀರು ಮುಟ್ಟಿಲ್ಲ. ರಿಪೇರಿಗೆಂದು ಹಳೇಬೀಡಿಗೆ ಕೊಟ್ಟಿದ್ದೆ, ವಾಪಸ್ ಬೇಲೂರಿಗೆ ತರುತ್ತಿದ್ದೆ. ಸತ್ತವನ ಮುಖವನ್ನೇ ನಾನು ಮುಂಚೆ ನೋಡಿಲ್ಲ.

ಕೃಷ್ಣಪ್ಪನಿಗೂ ಜವರಯ್ಯನಿಗೂ ಅಂಗಡಿ ಜಾಗದ ವಿಚಾರವಾಗಿ ಹಳೆಯ ಜಗಳವಿತ್ತು. ಬೇಕೆಂದೇ ಗಾಲಿ ಸಡಿಲ ಬಿಟ್ಟ ಎಂಬ ಮಾತು ಅಲ್ಲಿಂದ ಎದ್ದಿತ್ತು.

"ಗಾಲಿಗೆ ಗುರಿ ಇಟ್ಟು ಬಿಡೋಕಾಗುತ್ತೇನ್ರೀ?" ಎಂದು ಸಿದ್ಧಾರ್ಥ ಬೆಳಿಗ್ಗೆಯೇ ಕೇಳಿದ್ದ.

"ಆಗಲ್ಲ ಅಂತ ನೀವು ಬರ್ಕೊಟ್ರೆ ಆಗಲ್ಲ ಸಾರ್," ಎಂದಿದ್ದ ಹುಚ್ಚಣ್ಣ.

ಸಿದ್ಧಾರ್ಥ ತೆವಳಿಕೊಂಡು ಮುಂದಕ್ಕೆ ಸರಿದ. ಜೀಪಿಗೆ ಸಿಕ್ಕಿಸುವ ಉದ್ದನೆಯ ಕಬ್ಬಿಣದ ಕೆಳಮೈಯಲ್ಲಿ, ನಿಂತು ನೋಡುವವರ ಕಣ್ಣಿಗೆ ಬೀಳದ ಜಾಗದಲ್ಲಿ, ಬಿಳಿ ಬಣ್ಣದ ಅಕ್ಷರಗಳಿದ್ದವು. ಅಂಗೈಯಿಂದ ಕೆಸರು ಒರೆಸಿದ.

'ಸಿಹಿನೀರಿಗೆ ಮಾತ್ರ. ಭೀಮರಾಜ್, ಅರಸೀಕೆರೆ.'

ಅವನು ಅಕ್ಷರಗಳ ಮೇಲೆ ಬೆರಳಾಡಿಸಿದ. ಹತ್ತು ವರ್ಷದ ನೌಕರಿಯಲ್ಲಿ 'ಹಾರನ್ ಮಾಡಿ' ಎಂಬುದರಿಂದ ಹಿಡಿದು ಕುಲದೇವರ ಹೆಸರಿನವರೆಗೆ ಗಾಡಿಗಳ ಮೇಲೆ ಎಲ್ಲವನ್ನೂ ಓದಿದ್ದ. ಇಂಥ ಎಚ್ಚರಿಕೆ ಇದೇ ಮೊದಲು.

ಠಾಣೆಯ ಕಂಪೌಂಡಿನ ಬೇವಿನಮರದ ಕೆಳಗೆ ಟಿಫಿನ್ ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡು ಹೆಂಗಸೊಬ್ಬಳು ಕೂತಿದ್ದಳು. ಸಿದ್ಧಾರ್ಥ ಕೈ ತೊಳೆಯಲು ನಲ್ಲಿಗೆ ಬಂದಾಗ ಎದ್ದು ನಿಂತಳು. ಕೃಷ್ಣಪ್ಪನ ಹೆಂಡತಿ ಲಲಿತಮ್ಮ.

"ಸಾಮಿ, ನೀವೇ ಅಲ್ವಾ ಬ್ರೇಕ್ ಇನ್‌ಸ್ಪೆಟ್ರು?"

"ಹೌದಮ್ಮ."

"ನಮ್ಮೆಜಮಾನ್ರು ಆ ಗಾಡಿ ಓಡಿಸ್ಬೇಡಿ ಅಂತ ಬಾಯ್ಬಿಟ್ಟು ಹೇಳವ್ರೆ ಸಾಮಿ. ನಾನು ಕಾಫಿ ಕೊಡೋಕ್ ಹೋಗಿದ್ದೆ, ನನ್ ಕಿವಿಯಾರ ಕೇಳಿವ್ನಿ. 'ಬೇರಿಂಗ್ ಹೋಗೈತೆ, ಹೊಸದು ಹಾಸನದಿಂದ ತರಿಸ್ಬೇಕು' ಅಂದ್ರು. ಆ ಯಪ್ಪ ಕೇಳ್ಲಿಲ್ಲ. 'ಎರಡೇ ಮೈಲಿ, ಮೆಲ್ಲಗೆ ಹೋಗ್ತೀನಿ, ಗ್ರೀಸ್ ತುಂಬ್ಕೊಡಿ ಸಾಕು' ಅಂದ."

"ಎರಡು ಮೈಲಿ ಅಂದ್ನಾ?"

"ಅಂಗೇ ಅಂದಿದ್ದು. ಇಲ್ಲಿ ಹೇಳಿದ್ರೆ ನಗ್ತಾರೆ. ಬೇಲೂರು ಹತ್ತು ಮೈಲಿ ಐತಲ್ಲಮ್ಮ, ನಿಂಗೆ ಕಿವಿ ಕೇಳಲ್ವಾ ಅಂತಾರೆ."

"ಆ ಗಾಡಿ ನಿಮ್ಮಂಗಡಿಗೆ ತಂದು ಬಿಟ್ಟೋರು ಯಾರು? ಶರತ್ತೇನಾ?"

"ಗೊತ್ತಿಲ್ಲ ಸಾಮಿ. ಬಾಗ್ಲು ತೆಗಿಯೋಕ್ ಹೋದಾಗ ಅಂಗ್ಡಿ ಮುಂದೆ ನಿಂತಿತ್ತು. ಬರೀ ಗಾಡಿ. ದೋಣಿ ಇರ್ಲಿಲ್ಲ. ಹತ್ತು ಗಂಟೇಗೆ ಆ ಯಪ್ಪ ಜೀಪ್ ತಂದು, 'ಇದು ನಂದು' ಅಂದ."

ಆಕೆ ಅಳಲಿಲ್ಲ. ಹೇಳಬೇಕಾದ್ದನ್ನು ಹೇಳಿ ಮತ್ತೆ ಬೇವಿನ ನೆರಳಿಗೆ ಹೋಗಿ ಕೂತಳು.

ಸಿದ್ಧಾರ್ಥ ಗಾಲಿಯ ನಡುವಿನ ಹಬ್ಬಿನೊಳಗಿಂದ ಕಿತ್ತ ಬೇರಿಂಗನ್ನು ಬಟ್ಟೆಯಲ್ಲಿ ಸುತ್ತಿ, ಹುಚ್ಚಣ್ಣನ ಪುಸ್ತಕದಲ್ಲಿ ಸಹಿ ಹಾಕಿ, ಬೈಕಿನ ಡಬ್ಬಿಯಲ್ಲಿಟ್ಟುಕೊಂಡ. ಜೊತೆಗೆ ಒಂದು ಬೆಂಕಿಪೊಟ್ಟಣದ ತುಂಬ ಆ ಬಿಳಿ ಮರಳು.

*

ಅರಸೀಕೆರೆ ತಲುಪಿದಾಗ ಸಂಜೆ ಆರು. ಅವನ ಅಪ್ಪ ಗಿಡ್ಡಯ್ಯ ಜಗಲಿಯ ಮೇಲೆ ಪೇಪರ್ ಹರಡಿಕೊಂಡು ಕಾಯುತ್ತಿದ್ದ. ಮಗ ಫೋನಿನಲ್ಲಿ "ಒಂದು ಬೇರಿಂಗ್ ತರ್ತೀನಪ್ಪ" ಎಂದಿದ್ದಷ್ಟೇ ಸಾಕಾಗಿತ್ತು.

ಗಿಡ್ಡಯ್ಯ ಅರಸೀಕೆರೆ ಜಂಕ್ಷನ್ನಿನಲ್ಲಿ ಮೂವತ್ತೊಂದು ವರ್ಷ ರೈಲ್ವೆ ಫಿಟ್ಟರ್ ಆಗಿದ್ದವನು. ಗಾಡಿ ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆ ತೆಗೆದುಕೊಂಡು ಬೋಗಿ ಬೋಗಿಯ ಗಾಲಿಗೂ ಬಡಿದು ಸದ್ದು ಕೇಳುವುದು, ಅಚ್ಚಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಬಿಸಿ ನೋಡುವುದು, ಇದೇ ಕೆಲಸ. ಕೈ ಸುಟ್ಟರೆ ಆ ಬೋಗಿಯನ್ನು ಅಲ್ಲೇ ಕಳಚಬೇಕು. ಎಷ್ಟು ಬೋಗಿ ಕಳಚಿಸಿದ್ದನೋ, ಅವನ ಬಲ ಅಂಗೈಯಲ್ಲಿ ಈಗ ಚರ್ಮದ ಗೆರೆಗಳೇ ಇರಲಿಲ್ಲ.

ಅವನು ಬಟ್ಟೆ ಬಿಡಿಸಿ, ಬೇರಿಂಗನ್ನು ದೀಪದ ಕೆಳಗೆ ತಿರುಗಿಸಿದ. ಕನ್ನಡಕ ಮೇಲೆತ್ತಿ, ಮತ್ತೆ ಇಳಿಸಿ ನೋಡಿದ.

"ಬೆಂದೈತೆ. ನೀಲಿ ಬಣ್ಣಕ್ಕೆ ತಿರುಗೈತೆ ನೋಡು."

"ಅದು ಕಾಣ್ತದೆ. ಗ್ರೀಸ್ ಸರಿ ತುಂಬಿಲ್ಲ ಅಂತ ಬರೆದ್ರೆ ಆ ಮೆಕ್ಯಾನಿಕ್ ಒಳಗೇ ಇರ್ತಾನೆ. ನಾನು ಸುಮ್ನೆ ಬರೆಯೋಕಾಗಲ್ಲ."

"ತಡ್ಕಳ್ಲಾ."

ಗಿಡ್ಡಯ್ಯ ಚೂಪು ಕಡ್ಡಿಯೊಂದರಿಂದ ಬೇರಿಂಗಿನ ಸಂದಿ ಕೆರೆದ. ಮೇಲೆ ಕಪ್ಪಗೆ ಕರಟಿದ್ದರೂ ಹೊಸ ಗ್ರೀಸು. ಅದರ ಕೆಳಗೆ ಒಡೆದ ಹಾಲಿನಂಥ ಬೂದು ಬಣ್ಣದ ಹಳೆಯ ಗ್ರೀಸು. ಅದರ ಕೆಳಗೆ ಉಕ್ಕು ಸಿಡುಬು ತೆಗೆದ ಮುಖದ ಹಾಗೆ ಕುಳಿ ಬಿದ್ದಿತ್ತು.

"ಈ ಕುಳಿ ಒಂದು ದಿನದ್ದಲ್ಲ. ನಿನ್ ಮೆಕ್ಯಾನಿಕ್ಕು ಮೇಲಿಂದ ತುಂಬಿದ ಗ್ರೀಸು ಕೆಳಕ್ಕೆ ಇಳ್ದೇ ಇಲ್ಲ. ಇಳಿಯೋಕೆ ದಾರಿ ಇರ್ಲಿಲ್ಲ. ಅವನ ಕೈಗೆ ಬರೋ ಹೊತ್ತಿಗೇ ಇದು ಸತ್ತೋಗಿತ್ತು."

"ಯಗಚಿ ನೀರಿಗಿಳಿಯೋ ಗಾಡಿ ಅಲ್ವಾ, ನಾಲ್ಕು ತಿಂಗಳಲ್ಲಿ ತುಕ್ಕು ಹಿಡೀತದೆ ಅಂತ ವಕೀಲ್ರು ಅಂತಾರೆ."

"ನಾಕು ತಿಂಗಳಿಗೆ? ಸಿಹಿನೀರಿಗೆ?" ಗಿಡ್ಡಯ್ಯ ಸಂದಿಯಲ್ಲಿದ್ದ ಬಿಳಿ ಹಿಟ್ಟನ್ನು ಉಗುರಿನಿಂದ ಎಬ್ಬಿಸಿದ. ಮಗ ಬೇಡವೆನ್ನುವಷ್ಟರಲ್ಲಿ ನಾಲಿಗೆಗೆ ತಗುಲಿಸಿಕೊಂಡ. ಮುಖ ಕಿವುಚಿ ಜಗಲಿಯಾಚೆ ಉಗಿದ.

"ಉಪ್ಪು ಕಣ್ಲಾ."

"ನಿಜವಾಗ್ಲೂ?"

"ಮಂಗ್ಳೂರು ಕಡೆಯಿಂದ ಬರೋ ವ್ಯಾಗನ್ನೆಲ್ಲ ಮೂವತ್ತು ವರ್ಷ ಮುಟ್ಟಿವ್ನಿ. ಉಪ್ಪಿನ ತುಕ್ಕು ಯಾವ್ದು, ಮಳೆ ತುಕ್ಕು ಯಾವ್ದು, ನಂಗೆ ಹೇಳ್ಕೊಡ್ಬೇಡ. ಈ ಗಾಡಿ ಸಮುದ್ರಕ್ಕೆ ಇಳಿದೈತೆ."

ಒಳಗಿಂದ ಅವ್ವ ಮುದ್ದೆಗೆ ಕರೆದಳು. ಇಬ್ಬರೂ ಏಳಲಿಲ್ಲ. ಸಿದ್ಧಾರ್ಥ ಬೆಂಕಿಪೊಟ್ಟಣ ತೆರೆದು ಮರಳನ್ನು ಪೇಪರಿನ ಮೇಲೆ ಸುರಿದ. ಚಿಪ್ಪಿನ ಚೂರುಗಳು ದೀಪಕ್ಕೆ ಹೊಳೆದವು.

ಅರಸೀಕೆರೆ, ಬೇಲೂರು, ಹಳೇಬೀಡು. ಎಲ್ಲಿಂದ ಹೊರಟರೂ ಘಟ್ಟ ಇಳಿಯದೆ ಸಮುದ್ರ ಸಿಗುವುದಿಲ್ಲ. ಯಗಚಿ ಬಿಟ್ಟು ಕದಲಿಲ್ಲವೆಂದು ಶರತ್ ಬರೆದು ಸಹಿ ಹಾಕಿದ್ದ ಗಾಡಿ ಘಟ್ಟ ಇಳಿದು ಹತ್ತಿ ಬಂದಿತ್ತು.

*

ಮರುದಿನ ಬೆಳಿಗ್ಗೆ ಎಂಟೂವರೆಗೆ ಸಿದ್ಧಾರ್ಥ ಭೀಮರಾಜನ ವರ್ಕ್‌ಶಾಪಿನಲ್ಲಿದ್ದ. ಊರ ಹೊರಗಿನ ದೊಡ್ಡ ಶೆಡ್ಡು. ಒಂದು ಕಡೆ ಟ್ರಾಕ್ಟರಿನ ಟ್ರೇಲರುಗಳು, ತೆಂಗಿನಕಾಯಿ ಸಾಗಿಸುವ ಗಾಡಿಗಳು. ಇನ್ನೊಂದು ಮೂಲೆಯಲ್ಲಿ ಬೂದಿ ಬಣ್ಣಕ್ಕೆ ಮಂಕಾಗಿ ಹೊಳೆಯುವ, ಬೇರೆಯದೇ ಜಾತಿಯ ಒಂದು ಗಾಡಿ.

ಭೀಮರಾಜ್ ಐವತ್ತರ ಆಸುಪಾಸಿನವನು. ಮಂಗಳೂರಿನ ದೋಣಿ ಕಟ್ಟುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ವೆಲ್ಡರ್ ಆಗಿದ್ದು ಊರಿಗೆ ಮರಳಿದವನು. ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಕುರ್ಚಿ ಎಳೆದುಕೊಟ್ಟ.

ಸಿದ್ಧಾರ್ಥ ಕೂರಲಿಲ್ಲ. ಆ ಬೂದಿ ಬಣ್ಣದ ಗಾಡಿಯ ಸುತ್ತ ಒಂದು ಸುತ್ತು ಬಂದ.

"ನಾನೊಬ್ಬ ಗಿರಾಕಿ ಅಂದ್ಕೊಳ್ಳಿ ಭೀಮರಾಜ್. ದೋಣಿ ಇದೆ, ಸಮುದ್ರಕ್ಕೆ ಇಳಿಸ್ಬೇಕು. ಯಾವ ಟ್ರೇಲರ್ ತಗೊಳ್ಳಲಿ?"

ಭೀಮರಾಜನ ಮುಖ ಅರಳಿತು. ಈ ಪ್ರಶ್ನೆ ಕೇಳುವವರು ಆ ಊರಿನಲ್ಲಿ ದಿನಾ ಸಿಗುತ್ತಿರಲಿಲ್ಲ.

"ನಿಮ್ ಮುಂದೆ ನಿಂತಿದೆಯಲ್ಲ, ಅದು. ಹೊನ್ನಾವರದೋರಿಗೆ ಮಾಡಿರೋದು. ಉಪ್ಪುನೀರಿಗೆ ಮೊದಲ ಮಾತು, ಬಣ್ಣ ಬಳಿದ ಗಾಡಿ ತಗೋಬೇಡಿ. ಬಣ್ಣದಲ್ಲಿ ಒಂದು ಗೀರು ಬಿದ್ರೆ ಸಾಕು, ಅಲ್ಲಿಂದ ಉಪ್ಪು ಒಳಕ್ಕೆ ಹೋಗಿ, ಮೇಲೆ ಬಣ್ಣ ಹಂಗೇ ಇರುತ್ತೆ, ಒಳಗೆ ಕಬ್ಬಿಣ ಹಪ್ಪಳ ಆಗಿರುತ್ತೆ. ಇದನ್ನ ಪೂರ್ತಿ ಗಾಡಿ ವೆಲ್ಡ್ ಮಾಡಿ ಮುಗಿಸಿದ ಮೇಲೆ ಬೆಂಗ್ಳೂರಿಗೆ ಕಳಿಸಿ ಕಾದ ಸತುವಿನ ತೊಟ್ಟಿಯಲ್ಲಿ ಮುಳುಗಿಸಿ ತರ್ತೀನಿ. ಒಳಗೂ ಸತು, ಹೊರಗೂ ಸತು."

"ಅಲ್ಯೂಮಿನಿಯಂ ಆಗಲ್ವಾ?"

"ಚಂದ ಆಗುತ್ತೆ. ಹಗುರ. ಆದ್ರೆ ನಮ್ ಘಟ್ಟದ ಗುಂಡಿಗಳಲ್ಲಿ ಅದರ ಬೆಸುಗೆ ಬಿಟ್ರೆ ರಿಪೇರಿ ಮಾಡೋನು ಎಲ್ಲಿ ಸಿಗ್ತಾನೆ? ಇದಾದ್ರೆ ಯಾವ ಊರಲ್ಲೂ ವೆಲ್ಡ್ ಮಾಡಿ ಕೊಡ್ತಾರೆ." ಅವನು ಚೌಕಟ್ಟಿನ ಮೇಲೆ ಕೈಯಾಡಿಸಿದ. "ಇಲ್ಲಿ ನೋಡಿ, ಬಾಕ್ಸ್ ಪೈಪ್ ಹಾಕಿಲ್ಲ. ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದಿರೋ ಚಾನಲ್. ಪೈಪಾದ್ರೆ ಮರಳು, ಉಪ್ಪು ಒಳಗೆ ಕೂತ್ಕೊಂಡು ಆಚೆ ಬರಲ್ಲ. ಇದಾದ್ರೆ ಪೈಪ್ ಹಿಡಿದು ಸಿಹಿನೀರು ಬಿಟ್ರೆ ತೊಳ್ಕೊಂಡು ಹೋಗುತ್ತೆ. ಲೈಟು ಬೇರೆ ಹಲಗೆ ಮೇಲೆ, ನೀರಿಗಿಳಿಸೋ ಮುಂಚೆ ಕಳಚಿ ಜೀಪಲ್ಲಿಟ್ಕೋಬೇಕು. ಇಷ್ಟೆಲ್ಲ ಇದ್ರೂ, ಸಮುದ್ರದಿಂದ ಎತ್ತಿದ ಆ ಗಂಟೇಲೇ ತೊಳೀದಿದ್ರೆ, ಚಿನ್ನದಲ್ಲಿ ಮಾಡಿಸಿದ್ರೂ ಉಳಿಯಲ್ಲ."

"ಶರತ್‌ಗೂ ಇಷ್ಟೆಲ್ಲ ಹೇಳಿದ್ರಾ?"

ಭೀಮರಾಜ್ ತಕ್ಷಣ ಉತ್ತರಿಸಿದ. "ಯಗಚಿ ಶರತ್ತಾ? ಹೇಳ್ದೆ. ಎರಡನ್ನೂ ತೋರಿಸ್ದೆ. 'ನಂಗೂ ಸಮುದ್ರಕ್ಕೂ ಏನೂ ಸಂಬಂಧ ಇಲ್ಲ, ಸಿಹಿನೀರಿಂದೇ ಸಾಕು' ಅಂದ್ರು. ಅದಕ್ಕೇ ಗಾಡಿ ಕೆಳಗೆ ಬರೆದು ಕಳಿಸಿದ್ದು. ನಾಳೆ ಯಾರೋ ಅದನ್ನ ಮಲ್ಪೆಗೆ ತಗೊಂಡು ಹೋಗಿ, ಭೀಮರಾಜನ ಗಾಡಿ ಮುರೀತು ಅನ್ನಬಾರದಲ್ಲ."

ಸಿದ್ಧಾರ್ಥ ಬಟ್ಟೆಯ ಗಂಟು ಬಿಚ್ಚಿ ಬೇರಿಂಗನ್ನು ಅವನ ಅಂಗೈಯಲ್ಲಿಟ್ಟ.

ಭೀಮರಾಜ್ ಅದನ್ನು ಬಾಗಿಲ ಬೆಳಕಿಗೆ ಒಯ್ದ. ಅವನ ಬೆನ್ನು ಮಾತ್ರ ಸಿದ್ಧಾರ್ಥನಿಗೆ ಕಾಣುತ್ತಿತ್ತು.

"ಹಳೇಬೀಡು ರಸ್ತೇಲಿ ಒಬ್ರು ಸತ್ತಿದ್ದು... ಇದೇ ಗಾಡಿಯಾ ಸಾರ್? ಪೇಪರಲ್ಲಿ ಬರೀ ಟ್ರೇಲರ್ ಅಂತಿತ್ತು. ಟ್ರಾಕ್ಟರಿಂದು ಅಂದ್ಕೊಂಡಿದ್ದೆ."

"ಇದೇ."

ಅವನು ಒಳಕ್ಕೆ ಬಂದು, ಸಿದ್ಧಾರ್ಥನಿಗೆಂದು ಎಳೆದಿದ್ದ ಕುರ್ಚಿಯಲ್ಲಿ ತಾನೇ ಕೂತ.

"ನಿಮ್ ತಪ್ಪಲ್ಲ," ಎಂದ ಸಿದ್ಧಾರ್ಥ. "ಆದ್ರೆ ಒಂದು ಹೇಳಿ. ಒಂದೇ ಸಲ ಸಮುದ್ರಕ್ಕೆ ಇಳಿಸಿದ್ರೆ ಇಷ್ಟು ಕೆಡುತ್ತಾ?"

"ಕೆಡಬಾರದು ಸಾರ್. ಒಳಗೆ ನೀರು ಹೋಗದ ಹಾಗೆ ರಬ್ಬರ್ ಸೀಲ್ ಹಾಕಿದ್ದೆ." ಭೀಮರಾಜ್ ಬೇರಿಂಗನ್ನು ಮತ್ತೆ ತಿರುಗಿಸಿದ. ಧ್ವನಿಗೆ ಕಸುಬಿನ ಸ್ಥಿರತೆ ಮರಳಿತು. "ಒಂದು ದಾರಿ ಇದೆ. ಘಟ್ಟ ಇಳಿದು ಬಂದ ಗಾಡಿ, ಹಬ್ಬು ಕೆಂಡದ ಹಾಗಿರುತ್ತೆ. ಆವಾಗ ತಣ್ಣೀರಿಗೆ ಅದ್ದಿದ್ರೆ ಒಳಗಿನ ಬಿಸಿ ಗಾಳಿ ಕುಗ್ಗಿ, ಸೀಲ್ ದಾಟಿ ನೀರನ್ನ ಒಳಕ್ಕೆ ಎಳ್ಕೊಳ್ಳುತ್ತೆ. ದೋಣಿ ಜನ ಯಾರೂ ಹಂಗ್ ಮಾಡಲ್ಲ. ದಡದಲ್ಲಿ ಒಂದು ಗಂಟೆ ನಿಲ್ಲಿಸಿ, ಚಾ ಕುಡಿದು, ಮುಟ್ಟಿ ನೋಡಿ ಆಮೇಲೆ ಇಳಿಸ್ತಾರೆ."

"ಪೈಪಿನೊಳಗೆ ಮರಳಿತ್ತು. ತುಂಬ."

"ಹಂಗಾದ್ರೆ ಬಂದರಲ್ಲಿ ಇಳಿಸಿಲ್ಲ. ಬಂದರಲ್ಲಿ ಕಾಂಕ್ರೀಟ್ ಇಳಿಜಾರಿರುತ್ತೆ. ಇದನ್ನ ಬರೀ ಮರಳಿನ ಮೇಲೆ ಅಲೆಗೆ ನೂಕಿದ್ದಾರೆ. ನಿಲ್ಲಿಸಿಲ್ಲ, ತಣಿಸಿಲ್ಲ, ವಾಪಸ್ ಬರುವಾಗ ತೊಳೆದೂ ಇಲ್ಲ." ಅವನು ಸಿದ್ಧಾರ್ಥನನ್ನು ನೋಡಿದ. "ಅವಸರದಲ್ಲಿದ್ರು ಸಾರ್. ತುಂಬ ಅವಸರದಲ್ಲಿದ್ರು. ಜನ ಇಲ್ಲದ ಕಡೆ ಹುಡುಕ್ಕೊಂಡು ಹೋಗಿದ್ದಾರೆ."

*

ಮಧ್ಯಾಹ್ನದ ಬಿಸಿಲಿಗೆ ಯಗಚಿಯ ಹಿನ್ನೀರು ತಗಡಿನ ಹಾಗೆ ಹೊಳೆಯುತ್ತಿತ್ತು. ದಡದಲ್ಲಿ ಸೋಗೆ ಹೊದಿಸಿದ ಟಿಕೆಟ್ ಗುಡಿಸಲು, ಹಂಸದ ಆಕಾರದ ನಾಲ್ಕು ಪೆಡಲ್ ದೋಣಿಗಳು. ಪ್ರವಾಸಿಗಳು ಯಾರೂ ಇರಲಿಲ್ಲ. ಹುಚ್ಚಣ್ಣ ಊಟ ಮುಗಿಸಿಯೇ ಬಂದಿದ್ದರಿಂದ ಇವತ್ತು ಗೆಲುವಾಗಿದ್ದ.

ಶರತ್ ಗುಡಿಸಲಿನಿಂದ ಹೊರಬಂದ. ಮೂವತ್ತು ದಾಟಿದವನು, ಇಸ್ತ್ರಿ ಮಾಡಿದ ಅಂಗಿ. ಕಣ್ಣಿನ ಕೆಳಗೆ ಮಾತ್ರ ಕಪ್ಪು.

"ಹೇಳಿಕೆ ಕೊಟ್ಟಾಗಿದೆಯಲ್ಲ ಸಾರ್? ಬ್ರೇಕ್ ಇನ್‌ಸ್ಪೆಕ್ಟರಿಗೆ ಇಲ್ಲೇನು ಕೆಲಸ?"

"ನಾನು ಗಾಲಿ ವಿಚಾರ ಅಷ್ಟೇ ಬರೆಯೋನು," ಎಂದ ಸಿದ್ಧಾರ್ಥ. "ಬರೆದಿದ್ದೀನಿ. ಓದ್ತೀನಿ, ಸುಳ್ಳಿದ್ರೆ ಹೇಳಿ."

ಅವನು ಜೇಬಿನಿಂದ ಹಾಳೆ ತೆಗೆದ.

"'ಎಡಗಾಲಿಯ ಬೇರಿಂಗ್ ಸಮುದ್ರದ ನೀರಿನಿಂದ ಕೆಟ್ಟಿದೆ. ಮೆಕ್ಯಾನಿಕ್ ಗ್ರೀಸ್ ಹಾಕುವ ಮೊದಲೇ ಅದು ನಿರುಪಯುಕ್ತವಾಗಿತ್ತು.'"

"ಸಮುದ್ರಾನಾ?" ಶರತ್ ನಕ್ಕ. ನಗು ಅರ್ಧದಲ್ಲೇ ನಿಂತಿತು. ಅವನ ಅಚ್ಚರಿ ನಟನೆಯಲ್ಲ ಎಂದು ಸಿದ್ಧಾರ್ಥನ ಮನಸ್ಸಿಗೆ ತಟ್ಟಿತು.

"ನಿಮಗೆ ಗೊತ್ತಿಲ್ವಾ?"

"ನನ್ ಗಾಡಿ ಈ ನೀರು ಬಿಟ್ಟು..."

"ಪೈಪಿನೊಳಗೆ ಒಂದು ಸೇರು ಸಮುದ್ರದ ಮರಳಿದೆ ಶರತ್. ಇರ್ಲಿ. ನಿಮ್ಮ ಫೈಬರ್ ದೋಣಿ ಎಲ್ಲಿ? ಟ್ರೇಲರ್ ಮಾಡಿಸಿದ್ದೇ ಅದಕ್ಕೆ."

"ಬಣ್ಣಕ್ಕೆ ಕೊಟ್ಟಿದ್ದೀನಿ."

"ಯಾರಿಗೆ?"

ಶರತ್ ನೀರಿನ ಕಡೆ ನೋಡಿದ. ಹುಚ್ಚಣ್ಣ ಕೆಮ್ಮಿದ.

"ಹೋಗ್ಲಿ, ಇನ್ನೊಂದು ಕೇಳ್ತೀನಿ. ಬೇಲೂರಿಗೆ ಹತ್ತು ಮೈಲಿ. ನೀವು ಕೃಷ್ಣಪ್ಪನಿಗೆ ಎರಡೇ ಮೈಲಿ ಅಂದ್ರಿ. ಗಾಡಿ ಕೆಟ್ಟಿದೆ ಅಂತ ಗೊತ್ತಿದ್ದೋನು ಹತ್ತು ಮೈಲಿಗೆ ಎರಡು ಮೈಲಿ ಅಂತ ಸುಳ್ಳು ಹೇಳಿ ಏನ್ ಮಾಡ್ತಾನೆ? ನೀವು ಅವತ್ತು ನಿಜವಾಗ್ಲೂ ಎರಡೇ ಮೈಲಿ ಹೋಗೋರಿದ್ರಿ. ಖಾಲಿ ಟ್ರೇಲರ್ ಎಳ್ಕೊಂಡು. ಎಲ್ಲಿಗೆ?"

"ಯಾರು ಹೇಳಿದ್ದು ಹಂಗಂತ?"

"ಒಬ್ಬಳು ಹೆಂಗಸು ಆರು ದಿನದಿಂದ ಠಾಣೆ ಮುಂದೆ ಕೂತು ಹೇಳ್ತಿದ್ದಾಳೆ. ಅವಳ ಗಂಡ ಜೈಲಲ್ಲಿದ್ದಾನೆ, ನೀವು ಇಲ್ಲಿ ನೆರಳಲ್ಲಿದ್ದೀರಿ." ಸಿದ್ಧಾರ್ಥ ಧ್ವನಿ ಏರಿಸಲಿಲ್ಲ. "ಓಡಿಸ್ಬೇಡಿ ಅಂತ ಅವನು ಹೇಳಿದ್ನೋ ಇಲ್ವೋ?"

ಶರತ್ ಗುಡಿಸಲಿನ ಕಂಬಕ್ಕೆ ಒರಗಿದ. ಮೆಲ್ಲಗೆ ಜಾರಿ ಕಟ್ಟೆಯ ಮೇಲೆ ಕೂತ.

"ಹೇಳಿದ್ದ," ಎಂದ. "ಎರಡು ಸಲ ಹೇಳಿದ್ದ."

ಹುಚ್ಚಣ್ಣ ತೊಡೆಯ ಮೇಲೆ ಪುಸ್ತಕ ಬಿಡಿಸಿ ಬರೆದುಕೊಳ್ಳತೊಡಗಿದ. ಸಿದ್ಧಾರ್ಥ ಆ ಪೆನ್ನಿನ ಸದ್ದು ಕೇಳಿಸಿಕೊಂಡ. ಬೇವಿನ ನೆರಳಿನಲ್ಲಿ ಕೂತವಳು ನಾಳೆ ಗಂಡನ ಜೊತೆ ಬಸ್ಸು ಹತ್ತಬಹುದು.

"ಮತ್ಯಾಕೆ ಮುಚ್ಚಿಟ್ರಿ? ಆಕಸ್ಮಿಕ ಅಂತ ಆಗ್ತಿತ್ತಲ್ಲ."

"ಆಗ್ತಿರ್ಲಿಲ್ಲ ಸಾರ್." ಶರತ್ ಎರಡೂ ಕೈಗಳಿಂದ ಮುಖ ಉಜ್ಜಿಕೊಂಡ. "ಜವರಯ್ಯ ನಂಗೆ ಗೊತ್ತಿರೋನು. ವಾರಕ್ಕೆರಡು ಸಲ ಇಲ್ಲಿಗೆ ಎಳನೀರು ತಂದು ಹಾಕ್ತಿದ್ದ. ಗಾಡಿ, ದೋಣಿ ಎರಡನ್ನೂ ನನ್ನಿಂದ ಕೇಳಿ ತಗೊಂಡು ಹೋಗಿದ್ದೋನು ಅವನೇ."

ಪೆನ್ನಿನ ಸದ್ದು ನಿಂತಿತು.

"ಜವರಯ್ಯಾನಾ?" ಎಂದ ಹುಚ್ಚಣ್ಣ. "ರಾಗಿ ಬೆಳೆಯೋನಿಗೆ ದೋಣಿ ಯಾಕ್ಲಾ?"

"ಹೇಮಾವತಿ ಹಿನ್ನೀರಲ್ಲಿ ನೆಂಟ್ರು ಮೀನು ಹಿಡೀತಾರೆ, ಮೂರು ದಿನ ಸಾಕು ಅಂದ. ಬಾಡಿಗೆ ಜೀಪು ತಂದಿದ್ದ. ಒಳ್ಳೆ ಮನುಷ್ಯ, ಇಲ್ಲ ಅನ್ನೋಕಾಗ್ಲಿಲ್ಲ. ಆಮೇಲೆ ಒಂಬತ್ತು ದಿನ ಪತ್ತೇನೇ ಇಲ್ಲ. ಮನೆಗೆ ಹೋಗಿ ಕೇಳಿದ್ರೆ, ಯಾತ್ರೆಗೆ ಹೋಗವ್ರೆ ಅಂದ್ರು. ಹತ್ತನೇ ದಿನ ಬೆಳಿಗ್ಗೆ ಎಸ್‌ಟಿಡಿ ಬೂತಿಂದ ಫೋನ್ ಮಾಡ್ದ. ಗಾಲಿ ಸದ್ದು ಮಾಡ್ತಿತ್ತು ಅಂತ ಗಾಡೀನ ಕೃಷ್ಣಪ್ಪನ ಅಂಗಡಿ ಮುಂದೆ ಬಿಟ್ಟಿದ್ದೀನಿ, ಅವನಿಗೂ ನಂಗೂ ಆಗಲ್ಲ, ನೀವೇ ತಗೊಂಡು ಬನ್ನಿ, ದೋಣಿ ಬೇರೆ ಕಡೆ ಇಳಿಸಿದ್ದೀನಿ, ಅಲ್ಲಿಂದ ಎರಡು ಮೈಲಿ, ಊರ ಹೊರಗೆ ಸಿಗ್ತೀನಿ, ಮುಂದೆ ಹೋಗಿ ದಾರಿ ತೋರಿಸ್ತೀನಿ ಅಂತ."

ಸಿದ್ಧಾರ್ಥನ ಕಣ್ಣ ಮುಂದೆ ಆ ರಸ್ತೆ ಬಂತು. ಮುಂದೆ ಮೊಪೆಡ್, ಹಿಂದೆ ಜೀಪು. ದಾರಿಹೋಕನೆಂದು ಎಲ್ಲರೂ ತಿಳಿದಿದ್ದವನು ದಾರಿ ತೋರಿಸುತ್ತಿದ್ದ.

"ಅವನ ಮೇಲೆ ನಂಗೆ ಸಿಟ್ಟಿತ್ತು ಸಾರ್. ನಾನು ಅಂಗಡಿ ಮುಂದಿದ್ದಾಗ ಬೂತಿಂದ ಮತ್ತೆ ಫೋನ್ ಮಾಡ್ದ, ಅಲ್ಲೇ ಎಲ್ಲರ ಮುಂದೆ ಬೈದಿದ್ದೆ. ಗಾಡಿ ಕೆಟ್ಟಿದೆ ಅಂತ ಗೊತ್ತಿದ್ದೂ ಓಡಿಸ್ದೆ. ಅದರ ಗಾಲೀನೇ ಹೋಗಿ ಅವನಿಗೆ ಬಡೀತು. ಇದನ್ನೆಲ್ಲ ಹೇಳಿದ್ರೆ ಯಾರು ನಂಬ್ತಾರೆ?"

"ದೋಣಿ ಎಲ್ಲಿಳಿಸಿದ್ದ?"

"ಊರ ಹೆಸರು ಹೇಳ್ಲಿಲ್ಲ. ನಾನು ಬರ್ತೀನಲ್ಲ ಜೊತೆಗೆ ಅಂದ."

"ಆಮೇಲೆ ನೀವೂ ಹುಡುಕ್ಲಿಲ್ವಾ? ನಿಮ್ಮ ದೋಣಿ, ಎರಡು ಮೈಲಿಯೊಳಗೆ ಎಲ್ಲೋ ಬಿದ್ದಿದೆ."

ಶರತ್ ಇಲ್ಲವೆಂದು ತಲೆಯಾಡಿಸಿದ. ಗುಡಿಸಲಿನೊಳಗೆ ಕೈ ಚಾಚಿ ನೀರಿನ ಬಾಟಲಿ ತೆಗೆದುಕೊಂಡ, ಕುಡಿಯಲಿಲ್ಲ.

"ಯಾಕೆ?"

"ಹೆದರಿಕೆ ಸಾರ್."

"ದೋಣಿಗೆ ಯಾಕ್ರೀ ಹೆದರಿಕೆ?"

"ಊರ ಹೊರಗೆ ಸೇರಿದ್ವಿ. ಮೊಪೆಡ್ ಹತ್ತೋ ಮುಂಚೆ ಜೀಪಿನ ಕಿಟಕಿ ಹತ್ರ ಬಂದು ಒಂದು ಮಾತು ಹೇಳ್ದ." ಶರತ್ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದ. "ಅವನು ಹೇಳಿದ ಹಂಗೇ ಹೇಳ್ತೀನಿ. 'ದೋಣಿಗೇನೂ ಆಗಿಲ್ಲ, ಟಾರ್ಪಾಲು ಮುಚ್ಚಿವ್ನಿ. ಬಿಚ್ಚುವಾಗ ಒಳಗಿರೋರ್ನ ನೋಡಿ ಕಿರುಚ್ಕೊಬ್ಯಾಡಿ. ಅವ್ರಿಗೆ ಇನ್ನೂ ಜೀವ ಐತೆ.'"

ಜವರಯ್ಯ ಆ ಮಾತು ಹೇಳಿ ಇಂದಿಗೆ ಏಳು ದಿನವಾಗಿತ್ತು.